ಆಸ್ಪತ್ರೆಗೆ ನಮ್ಮ ಮಾತು, ನಮ್ಮ ಪಥ್ಯ ಅರ್ಥವಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ರೋಗಿಗಳು, ಅವರ ಜೊತೆ ಬಂದವರು, ಆಶಾ ಕಾರ್ಯಕರ್ತೆಯರು, ಹೊಸದಾಗಿ ಡ್ಯೂಟಿಗೆ ಸೇರಿದ ನರ್ಸ್‌ಗಳು ಕೇಳುತ್ತಾ ಬಂದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ಎರಡೇ ಮಾತು. ನಿಮ್ಮನ್ನು ನೋಡಿ ಪರೀಕ್ಷೆ ಮಾಡಿದ ಡಾಕ್ಟರ ಸಲಹೆಗೆ ಇದು ಬದಲಿ ಅಲ್ಲ.

‘ಸಾಂಸ್ಕೃತಿಕ ಅರಿವು’ ಅಂದ್ರೆ ಏನು? ಡಾಕ್ಟರು ಎಲ್ಲ ಜಾತಿ, ಧರ್ಮದ ಪದ್ಧತಿಗಳನ್ನೂ ಕಲಿಯಬೇಕಾ?

ಬೇಡ. ಅದು ಆಗೋ ಕೆಲಸವೂ ಅಲ್ಲ. ಒಂದೇ ಊರಲ್ಲಿ ಬಾಣಂತನ ಮಾಡುವ ರೀತಿ ಮನೆಯಿಂದ ಮನೆಗೆ ಬೇರೆ ಇರುತ್ತದೆ. ‘ಈ ಸಮುದಾಯದವರು ಹೀಗೆ, ಆ ಧರ್ಮದವರು ಹಾಗೆ’ ಅಂತ ಪಟ್ಟಿ ಉರು ಹೊಡೆದರೆ ಎದುರಿಗೆ ಕೂತ ಮನುಷ್ಯ ಕಾಣುವುದೇ ಇಲ್ಲ, ಪಟ್ಟಿ ಮಾತ್ರ ಕಾಣುತ್ತದೆ. ಅಮೆರಿಕದ ಇಬ್ಬರು ವೈದ್ಯೆಯರು, ಮೆಲನಿ ಟೆರ್ವಲಾನ್ ಮತ್ತು ಜ್ಯಾನ್ ಮರ್ರೆ-ಗಾರ್ಸಿಯಾ, 1998ರಲ್ಲೇ ಇದನ್ನು ಎತ್ತಿ ಹೇಳಿದರು. ಬೇರೆಯವರ ಸಂಸ್ಕೃತಿಯನ್ನು ಅರೆದು ಕುಡಿದೆ ಎನ್ನುವುದು ಬೇಡ, ತನಗೆ ಗೊತ್ತಿಲ್ಲ ಎಂದು ಒಪ್ಪಿ ಕೇಳುವುದನ್ನು ರೂಢಿ ಮಾಡಿಕೊಳ್ಳಿ ಎಂಬುದು ಅವರ ವಾದ. ನಮಗೂ ಅದೇ ಸರಿ ಅನಿಸುತ್ತದೆ.

ಇನ್ನೊಂದು ಮಾತು. ಸಂಸ್ಕೃತಿ ಇರುವುದು ರೋಗಿಗೆ ಮಾತ್ರ ಅಲ್ಲ, ಆಸ್ಪತ್ರೆಗೂ ಇದೆ. ಬೆಳಿಗ್ಗೆ ಎಂಟಕ್ಕೇ ಚೀಟಿ ಮಾಡಿಸಬೇಕು, ಡಾಕ್ಟರ ಎದುರು ಪ್ರಶ್ನೆ ಕೇಳಬಾರದು, ಓದಿದವರಿಗೆ ಕುರ್ಚಿ, ಓದದವರಿಗೆ ಏಕವಚನ. ಇವೆಲ್ಲಾ ಪದ್ಧತಿಗಳೇ ಅಲ್ವಾ? ಸುಮ್ನೆ ಇದಕ್ಕೆ ‘ಸಿಸ್ಟಂ’ ಅಂತ ಹೆಸರಿಟ್ಟಿದ್ದೇವೆ.

ಆರೋಗ್ಯದಲ್ಲಿ ಅಸಮಾನತೆ ಅಂದ್ರೆ ಬಡತನ ತಾನೇ? ಇದರಲ್ಲಿ ಸಂಸ್ಕೃತಿ ಎಲ್ಲಿಂದ ಬಂತು?

ಬಡತನ ದೊಡ್ಡ ಕಾರಣ ಹೌದು. ದೂರವೂ ಕಾರಣ. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಹೆರಿಗೆಗೆ 69 ತಾಯಂದಿರು ಸಾಯುತ್ತಿದ್ದರು, ಪಕ್ಕದ ಕೇರಳದಲ್ಲಿ 19. ನಮ್ಮ ರಾಜ್ಯದೊಳಗೂ ಎಲ್ಲ ಕಡೆ ಒಂದೇ ಥರ ಇಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅದು ಅರ್ಧಕ್ಕಿಂತ ಜಾಸ್ತಿ. ಪ್ರಾದೇಶಿಕ ಅಸಮತೋಲನ ನೋಡಲು ನೇಮಿಸಿದ ನಂಜುಂಡಪ್ಪ ಸಮಿತಿ 2002ರಲ್ಲೇ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ತೀರಾ ಹಿಂದುಳಿದಿವೆ ಅಂತ ವರದಿ ಕೊಟ್ಟಿತ್ತು.

ಸಂಸ್ಕೃತಿ ಬರುವುದು ಎರಡು ದಾರಿಯಲ್ಲಿ. ಒಂದು, ನಿಜವಾಗಿಯೂ ಕೆಲವು ಪದ್ಧತಿ, ನಂಬಿಕೆ, ಊಟ ಆರೋಗ್ಯದ ಮೇಲೆ ಪರಿಣಾಮ ಮಾಡುತ್ತವೆ. ಎರಡನೆಯದು ನಮಗೆ ಹೆಚ್ಚು ಸಿಟ್ಟು ತರಿಸುವಂಥದ್ದು: ಬೇರೆ ಕಾರಣಗಳನ್ನೆಲ್ಲಾ ಮುಚ್ಚಿಹಾಕಲು ಸಂಸ್ಕೃತಿಯ ಹೆಸರು ಹೇಳುವುದು. ತಾಂಡಾದ ಬಸುರಿ ಚೆಕಪ್ಪಿಗೆ ಬರಲಿಲ್ಲ ಅನ್ನಿ. ‘ಇವರಿಗೆ ತಿಳಿವಳಿಕೆ ಇಲ್ಲ’ ಅಂತ ರಿಜಿಸ್ಟರಿನಲ್ಲಿ ಬರೆದರೆ ಮುಗೀತು. ಆದರೆ ತಾಂಡಾಕ್ಕೆ ಬಸ್ಸು ಬರುವುದೇ ದಿನಕ್ಕೆ ಎರಡು ಸಲ, ಹೋದರೆ ಅವತ್ತಿನ ಕೂಲಿ ಹೋಯಿತು, ಅರ್ಧ ಕುಟುಂಬ ಕಬ್ಬು ಕಡಿಯಲು ಊರು ಬಿಟ್ಟಿದೆ. ಅವಳಿಗೆ ತಾಯಿ ಕಾರ್ಡಿನ ಮಹತ್ವ ಚೆನ್ನಾಗಿಯೇ ಗೊತ್ತು, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟಿರುತ್ತಾಳೆ.

ಬಾಣಂತನದಲ್ಲಿ ಏನು ತಿಂತೀವಿ, ಏನು ಬಿಡ್ತೀವಿ ಅಂತ ಡಾಕ್ಟರಿಗೆ ಹೇಳಬೇಕಾ? ಹೇಳಿದ್ರೆ ಬೈತಾರೆ.

ಹೇಳಲೇಬೇಕು. ಬೈದರೂ ಹೇಳಿ. ಯಾಕೆ ಅನ್ನುವುದಕ್ಕೆ ಒಂದು ಕಾಯಿಲೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಎರಡು–ಮೂರು ತಿಂಗಳ ಮಗು. ಎದೆಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ನೋಡಲು ಗುಂಡುಗುಂಡಾಗಿದೆ. ಎರಡು ದಿನದಿಂದ ಹಾಲು ಕುಡೀತಿಲ್ಲ, ವಾಂತಿ, ಏದುಸಿರು. ಅಳುವಾಗ ಬಾಯಿ ತೆರೆಯುತ್ತದೆ, ದನಿ ಮಾತ್ರ ಸರಿಯಾಗಿ ಹೊರಡುವುದಿಲ್ಲ. ಆಸ್ಪತ್ರೆಗೆ ತಂದಾಗ ನ್ಯುಮೋನಿಯಾ ಇರಬಹುದು, ಹುಟ್ಟಿನಿಂದಲೇ ಹೃದಯದ ತೊಂದರೆ ಇರಬಹುದು ಅಂತ ಅನುಮಾನ ಬರುತ್ತದೆ. ಕೆಲವು ಮಕ್ಕಳು ಗಂಟೆಗಳಲ್ಲೇ ಕೈ ಮೀರುತ್ತಾರೆ.

ಆ ಹೊತ್ತಿಗೆ ಯಾರಾದರೂ ತಾಯಿಯ ಕಡೆ ತಿರುಗಿ ‘ಬಾಣಂತನದಲ್ಲಿ ಏನು ಊಟ ಮಾಡ್ತಿದ್ದೀಯಮ್ಮ?’ ಅಂತ ಕೇಳಿದರೆ ಕಥೆ ಬೇರೆಯಾಗಬಹುದು. ‘ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ. ಬೇಳೆ ವಾಯು ಅಂತ ಕೊಡಲ್ಲ, ಸೊಪ್ಪು ತಂಪು ಅಂತ ಕೊಡಲ್ಲ, ಮೂರು ತಿಂಗಳು ಇದೇ.’ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬಹಳ ಕಮ್ಮಿ. ತಿಕ್ಕಿ ತೊಳೆದರೆ ಇನ್ನಷ್ಟು ಹೋಯಿತು, ಗಂಜಿ ಬಸಿದರೆ ಉಳಿದದ್ದೂ ಹೋಯಿತು. ತಾಯಿಯ ಮೈಯಲ್ಲಿ ಇಲ್ಲದ್ದು ಹಾಲಿನಲ್ಲಿ ಎಲ್ಲಿಂದ ಬರಬೇಕು? ಮಗುವಿನ ಹೃದಯ ಸೋಲುತ್ತದೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ಈ ಕಾಯಿಲೆಗೆ ಬೆರಿಬೆರಿ ಅಂತ ಹೆಸರು. ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಎಷ್ಟೋ ಮಕ್ಕಳು ಒಂದು ದಿನದೊಳಗೆ ಚೇತರಿಸಿಕೊಳ್ಳುತ್ತಾರೆ. ಕರ್ನಾಟಕದ ಮಕ್ಕಳ ವೈದ್ಯರೇ ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ. ಔಷಧಿ ದುಬಾರಿಯೂ ಅಲ್ಲ.

ಇಲ್ಲಿ ಬೈಗುಳ ಏನು ಮಾಡುತ್ತದೆ ನೋಡಿ. ಹಿಂದಿನ ಹೆರಿಗೆಯಲ್ಲಿ ಪಥ್ಯದ ವಿಷಯ ಹೇಳಿ ‘ಯಾವ ಕಾಲದಲ್ಲಿದ್ದೀರಾ’ ಅಂತ ಬೈಸಿಕೊಂಡ ಅಜ್ಜಿ, ಈ ಸಲ ‘ಎಲ್ಲಾ ತಿಂತಾಳೆ ಡಾಕ್ಟ್ರೇ’ ಅಂತಾಳೆ. ಅಲ್ಲಿಗೆ ಸುಳಿವು ಹೋಯಿತು.

ಬಾಣಂತನ ಪೂರ್ತಿ ತಪ್ಪು ಅಂತಲೂ ಅಲ್ಲ. ವಿಶ್ರಾಂತಿ, ಎಣ್ಣೆನೀರು, ತವರುಮನೆ, ಮನೆಗೆಲಸದಿಂದ ಬಿಡುವು: ಇವು ದೊಡ್ಡ ಆಸರೆ. ತಲೆಗೆ ಬಟ್ಟೆ ಕಟ್ಟಿಕೊಂಡರೆ, ಕಿವಿಗೆ ಹತ್ತಿ ಇಟ್ಟುಕೊಂಡರೆ ಯಾರಿಗೂ ನಷ್ಟ ಇಲ್ಲ. ಬದಲಾಗಬೇಕಾದ್ದು ಕೆಲವೇ. ನೀರು ಕಡಿಮೆ ಕೊಡುವುದು, ಬೇಳೆ–ಸೊಪ್ಪು ಬಿಡುವುದು, ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕುವುದು. ಇದನ್ನು ಸೊಸೆಗೆ ಹೇಳಿ ಪ್ರಯೋಜನ ಇಲ್ಲ, ಅಡುಗೆಮನೆ ಅವಳ ಕೈಯಲ್ಲಿ ಇರುವುದಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಮಾತಾಡಬೇಕು. ‘ಅನ್ನದ ಜೊತೆ ಹೆಸರುಬೇಳೆ ಕಟ್ಟು ಸೇರಿಸೋಣ, ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ರೆ ವಾಯು ಆಗಲ್ಲ ಅಲ್ವಾ ಅಜ್ಜಿ?’ ಅಂದರೆ ಎಷ್ಟೋ ಅಜ್ಜಿಯರು ಒಪ್ಪುತ್ತಾರೆ.

ಹಾಗಾದ್ರೆ ಎಲ್ಲ ಆಚಾರಕ್ಕೂ ಡಾಕ್ಟರು ತಲೆ ಆಡಿಸಬೇಕಾ?

ಇಲ್ಲ. ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ 2023ರ ಜುಲೈನಲ್ಲಿ, ಸೂತಕ ಅಂತ ಊರ ಹೊರಗಿನ ಗುಡಿಸಲಿನಲ್ಲಿ ಇಟ್ಟಿದ್ದ ಬಾಣಂತಿಯ ಮಗು ತೀರಿಕೊಂಡಿತು. ಹೊರಗೆ ಮಳೆ, ಚಳಿ. ಇದನ್ನು ಗೌರವಿಸಿ ಅಂತ ಯಾರೂ ಹೇಳುವುದಿಲ್ಲ. ಮುಟ್ಟಾದವರನ್ನು, ಬಸುರಿಯರನ್ನು ಬಲವಂತವಾಗಿ ಊರ ಹೊರಗಿಡುವುದು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ತಡೆ ಕಾಯ್ದೆಯಲ್ಲಿ ಅಪರಾಧ.

ಆದರೆ ಕಾಯ್ದೆಯ ಪ್ರತಿ ಹಿಡಿದು ಹಟ್ಟಿಗೆ ಹೋದರೆ ಮಾತ್ರ ಸಾಲದು. ಆ ಹಟ್ಟಿಯ ಹೆಂಗಸರಲ್ಲೇ ಇದು ಬೇಡ ಅನ್ನುವವರಿದ್ದಾರೆ, ದೇವರಿಗೆ ಸಿಟ್ಟು ಬಂದೀತು ಅಂತ ಹೆದರುವವರೂ ಇದ್ದಾರೆ. ‘ನಮ್ಮ ಸಂಸ್ಕೃತಿ’ ಅಂತ ಯಾರು ಮಾತಾಡುತ್ತಿದ್ದಾರೆ, ಅದರ ಭಾರ ಯಾರು ಹೊರುತ್ತಿದ್ದಾರೆ ಅನ್ನುವುದನ್ನು ನೋಡಬೇಕು. ಸಾಮಾನ್ಯವಾಗಿ ಇಬ್ಬರೂ ಬೇರೆ ಬೇರೆ. ಬಾಣಂತಿಯನ್ನು ಹೆಚ್ಚು ದಿನ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವುದು, ಹಟ್ಟಿಯವರೇ ಆದ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಮೊದಲೇ ಮಾತು ಶುರು ಮಾಡುವುದು, ಇಂಥ ಕೆಲಸ ಹೆರಿಗೆಗೆ ತಿಂಗಳು ಮುಂಚೆಯೇ ಆಗಬೇಕು.

ಡಾಕ್ಟರಿಗೆ ನಮ್ಮ ಭಾಷೆ ಬರಲ್ಲ. ಏನು ಮಾಡೋದು?

ಇದು ಎರಡು ಥರದ ಕಷ್ಟ. ವೈದ್ಯಕೀಯ ಸೀಟುಗಳ ಅಖಿಲ ಭಾರತ ಕೋಟಾದಲ್ಲಿ ಬಂದ ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಕನ್ನಡ ಬರುವ ಡಾಕ್ಟರಿಗೆ ಲಂಬಾಣಿ, ತುಳು, ಬ್ಯಾರಿ, ದಖ್ಖನಿ ಬರುವುದಿಲ್ಲ. ಕನ್ನಡಿಗರು ಮೊದಲನೆಯದರ ಬಗ್ಗೆ ಜೋರಾಗಿ ಮಾತಾಡುತ್ತೇವೆ, ಎರಡನೆಯದು ನೆನಪಾಗುವುದೇ ಅಪರೂಪ. 2019ರಿಂದ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮೊದಲ ತಿಂಗಳಲ್ಲೇ ಸ್ಥಳೀಯ ಭಾಷೆ ಕಲಿಸಬೇಕು ಅಂತಿದೆ. ಅದರಿಂದ ‘ಎಷ್ಟು ದಿನದಿಂದ ಜ್ವರ’ ಅಂತ ಕೇಳಲು ಬರುತ್ತದೆ. ರೋಗಿ ಹತ್ತು ವಾಕ್ಯದಲ್ಲಿ ಉತ್ತರ ಕೊಟ್ಟರೆ ಅದು ಅರ್ಥವಾಗುವ ಮಟ್ಟಕ್ಕೆ ಬರಲು ಇನ್ನೂ ಕಾಲ ಬೇಕು.

ನೀವು ಮಾಡಬಹುದಾದ್ದು: ನರ್ಸನ್ನೋ ಗ್ರೂಪ್ ಡಿ ಸಿಬ್ಬಂದಿಯನ್ನೋ ಜೊತೆಗೆ ಕರೆಯಿರಿ ಅಂತ ಧೈರ್ಯವಾಗಿ ಕೇಳಿ. ಮಕ್ಕಳನ್ನು ಮಧ್ಯೆ ನಿಲ್ಲಿಸಬೇಡಿ. ಹನ್ನೆರಡು ವರ್ಷದ ಮಗನ ಎದುರು ಅಮ್ಮ ತನ್ನ ಬಿಳಿಸೆರಗಿನ ವಿಷಯ ಹೇಳುವುದು ಹೇಗೆ? ‘ಹೊಟ್ಟೆನೋವು’ ಅಂದು ಸುಮ್ಮನಾಗುತ್ತಾಳೆ, ಡಾಕ್ಟರು ಗ್ಯಾಸಿನ ಮಾತ್ರೆ ಬರೆಯುತ್ತಾರೆ. ಗಂಡನೇ ಎಲ್ಲ ಪ್ರಶ್ನೆಗೂ ಉತ್ತರ ಕೊಡುತ್ತಿದ್ದರೆ, ಒಳ್ಳೆ ನರ್ಸು ಏನೋ ಒಂದು ನೆಪ ಹೇಳಿ ಅವನನ್ನು ಬಿಲ್ ಕೌಂಟರಿಗೆ ಕಳಿಸಿಬಿಡುತ್ತಾಳೆ.

ಅಪ್ಪ–ಅಮ್ಮ ಅಮೆರಿಕಕ್ಕೆ ಬಂದಿದ್ದಾರೆ. ಆಸ್ಪತ್ರೆಯಲ್ಲಿ ನಾನೇ ಅನುವಾದ ಮಾಡಿದ್ರೆ ಸಾಕಲ್ವಾ?

ಮಾಡಬೇಡಿ. ಅಲ್ಲಿ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಅನುವಾದಕರನ್ನು ಉಚಿತವಾಗಿ ಒದಗಿಸಬೇಕು ಅಂತ ಕಾನೂನಿದೆ. ಅದರ ಬೇರು 1964ರ ನಾಗರಿಕ ಹಕ್ಕುಗಳ ಕಾಯ್ದೆಯಲ್ಲಿದೆ. ‘ಕನ್ನಡ ಇಂಟರ್‌ಪ್ರೆಟರ್ ಬೇಕು’ ಅಂತ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಹೇಳಿ, ಸಾಮಾನ್ಯವಾಗಿ ಫೋನಿನಲ್ಲಿ ಅಥವಾ ವಿಡಿಯೋದಲ್ಲಿ ಸಿಗುತ್ತಾರೆ. ‘ಹಿಂದಿ ಆದರೆ ಆಗುತ್ತಾ?’ ಅಂತ ಕೇಳಿದರೆ, ಅಮ್ಮನಿಗೆ ಹಿಂದಿ ಬರದಿದ್ದರೆ ‘ಆಗಲ್ಲ’ ಅನ್ನಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲೂ ಅನುವಾದಕರಿಗೆ ರೋಗಿ ದುಡ್ಡು ಕೊಡಬೇಕಿಲ್ಲ. ಮಗ ಅನುವಾದಕ್ಕೆ ನಿಂತರೆ ಕ್ಯಾನ್ಸರ್ ಅನ್ನುವುದು ‘ಸಣ್ಣ ಗಂಟು’ ಆಗಿಬಿಡುತ್ತದೆ. ಪ್ರೀತಿಯಿಂದಲೇ ಹಾಗೆ ಮಾಡುತ್ತೇವೆ, ಆದರೆ ಅಪ್ಪ ತಪ್ಪು ತಿಳಿದುಕೊಂಡೇ ಸಹಿ ಹಾಕುತ್ತಾರೆ.

ಸಹಿ ಅಂದ್ರೆ ನೆನಪಾಯ್ತು. ಆಪರೇಷನ್ ಮುಂಚೆ ಹೆಬ್ಬೆಟ್ಟು ಒತ್ತಿಸಿಕೊಂಡ್ರೆ ಅದು ಒಪ್ಪಿಗೆ ತಾನೇ?

ಕಾಗದದ ಮಟ್ಟಿಗೆ ಹೌದು. ಏನು ಮಾಡುತ್ತಾರೆ, ಯಾಕೆ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಇದೆಯಾ ಅನ್ನುವುದು ರೋಗಿಗೆ ಅರ್ಥವಾಗಿದ್ದರೆ ಮಾತ್ರ ಅದು ಒಪ್ಪಿಗೆ. 2008ರಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. ಅಲ್ಲಿ ಮಹಿಳೆ ಒಪ್ಪಿದ್ದು ಹೊಟ್ಟೆಯೊಳಗೆ ಲ್ಯಾಪ್ರೋಸ್ಕೋಪ್ ಹಾಕಿ ನೋಡಲು. ಅವರು ಅರಿವಳಿಕೆಯಲ್ಲಿದ್ದಾಗ ತಾಯಿಯ ಸಹಿ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದಿದ್ದರು. ಜೀವಕ್ಕೆ ಅಪಾಯ ಇಲ್ಲದಿದ್ದಾಗ, ವಯಸ್ಕ ರೋಗಿಯ ಬದಲು ತಾಯಿಯ ಒಪ್ಪಿಗೆ ನಡೆಯುವುದಿಲ್ಲ ಅಂತ ಕೋರ್ಟು ಹೇಳಿತು.

ನಮ್ಮಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖ ಇದೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಬೇಕಾಬಿಟ್ಟಿ ತೆಗೆದಿವೆ ಎಂಬ ಆರೋಪ 2015ರ ಹೊತ್ತಿಗೆ ದೊಡ್ಡ ಸುದ್ದಿಯಾಯಿತು, ತನಿಖೆಗಳೂ ನಡೆದವು. ಹೀಗೆ ಗರ್ಭಕೋಶ ಕಳೆದುಕೊಂಡವರಲ್ಲಿ ನಲವತ್ತು ದಾಟದವರೂ ಇದ್ದರು. ಬಿಳಿಸೆರಗು, ಸೊಂಟನೋವು ಅಂತ ಹೋದವರಿಗೆ ‘ಬಿಟ್ಟರೆ ಕ್ಯಾನ್ಸರ್ ಆಗುತ್ತೆ’ ಅಂದರೆ ಯಾರು ಹೆದರುವುದಿಲ್ಲ? ಮಕ್ಕಳಾಯ್ತು, ಇನ್ನೇನು ಕೆಲಸ ಅದಕ್ಕೆ ಅನ್ನುವ ಮಾತು ಊರಲ್ಲೂ ಇದೆ, ಆಸ್ಪತ್ರೆಯಲ್ಲೂ ಇದೆ. ಈ ಎರಡೂ ಸೇರಿದಾಗ ಆಪರೇಷನ್ ಟೇಬಲ್ಲಿಗೆ ದಾರಿ ಸಲೀಸು. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಂತವರ ತೊಂದರೆಗಳೆಲ್ಲಾ ಆ ವಯಸ್ಸಿಗೇ ಶುರು: ಮೂಳೆ ಸವೆತ, ಮೈ ಬಿಸಿ, ಹೃದಯದ ತೊಂದರೆಯ ಅಪಾಯ. ಹೊಲದ ಕೂಲಿ ಮಾಡುವವಳಿಗೆ ಇದು ಬದುಕಿನ ಪ್ರಶ್ನೆ. 2023ರಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ ಹೇಳಿದೆ.

ಇನ್ನೊಂದು ವಿಷಯ ಗೊತ್ತಿದ್ದರೆ ಒಳ್ಳೆಯದು. ಗೋವಾದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಬಿಳಿಸೆರಗಿನ ದೂರು ಹೇಳಿದ ಹೆಂಗಸರಲ್ಲಿ ಸೋಂಕಿಗಿಂತ ಮನಸ್ಸಿನ ನೋವು, ಖಿನ್ನತೆ, ಮನೆಯ ಕಷ್ಟಗಳ ನಂಟು ಹೆಚ್ಚಾಗಿ ಕಂಡಿತ್ತು. ‘ಮೈಯೆಲ್ಲಾ ನಿಶ್ಶಕ್ತಿ’ ಅಂತ ಬಂದವಳ ಹತ್ತಿರ ಮನೆಯ ವಿಷಯ ಕೇಳಬೇಕಿತ್ತು. ನಾವು ಗರ್ಭಕೋಶ ತೆಗೆದು ಕಳಿಸುತ್ತಿದ್ದೇವೆ.

ಹಾಗಾಗಿ: ತುರ್ತು ಇಲ್ಲದಿದ್ದರೆ ಅವತ್ತೇ ಸಹಿ ಹಾಕಬೇಡಿ. ಇನ್ನೊಬ್ಬ ಡಾಕ್ಟರನ್ನು ಕೇಳುವುದು ನಿಮ್ಮ ಹಕ್ಕು, ಅದು ಅವಮಾನ ಅಲ್ಲ.

ಡಾಕ್ಟರು ಜಾತಿ ಕೇಳಿದ್ರು. ಹೇಳಬೇಕಾ?

ಯಾಕೆ ಅಂತ ವಾಪಸ್ ಕೇಳಿ. ಒಳ್ಳೆ ಕಾರಣ ಇರಬಹುದು. ಸಿಕಲ್ ಸೆಲ್ ರಕ್ತಹೀನತೆ ಅನ್ನುವ ವಂಶಪಾರಂಪರ್ಯ ಕಾಯಿಲೆ ಸೋಲಿಗ, ಜೇನುಕುರುಬ ಮುಂತಾದ ಕಾಡಿನ ಸಮುದಾಯಗಳಲ್ಲಿ ಜಾಸ್ತಿ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ, ಸೋಲಿಗರ ನಡುವೆ ಈ ಕಾಯಿಲೆಯ ಮೇಲೆ ಬಹಳ ಹಿಂದಿನಿಂದಲೂ ಕೆಲಸ ಮಾಡುತ್ತಿದೆ. ಕೇಂದ್ರ ಸರ್ಕಾರದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಬಂದದ್ದು 2023ರಲ್ಲಿ.

ಈ ಕಾಯಿಲೆಯಲ್ಲಿ ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೂಳೆ ಮುರಿದಂಥ ನೋವು. ಹೊರಗೆ ಗಾಯ ಇಲ್ಲ, ಬಾವು ಇರಲೇಬೇಕು ಅಂತಿಲ್ಲ. ‘ನಾಟಕ ಮಾಡ್ತಾನೆ’, ‘ಕುಡಿದು ಬಂದಿದ್ದಾನೆ’ ಅಂತ ಕಾಡಿನ ಹುಡುಗನನ್ನು ಬೆಂಚಿನ ಮೇಲೆ ಕಾಯಿಸುವುದು ಸುಲಭ. ಅಮೆರಿಕದಲ್ಲೂ ಇದೇ ಕಾಯಿಲೆಯ ಕಪ್ಪು ಜನರ ಅನುಭವ ಹೀಗೇ. 2016ರಲ್ಲಿ ಪ್ರಕಟವಾದ ವರ್ಜೀನಿಯಾದ ಅಧ್ಯಯನದಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಕಿರಿಯ ವೈದ್ಯರಲ್ಲಿ ಅರ್ಧದಷ್ಟು ಮಂದಿ ‘ಕಪ್ಪು ಜನರ ಚರ್ಮ ದಪ್ಪ’ ಅನ್ನುವಂಥ ಸುಳ್ಳು ನಂಬಿಕೆಗಳಲ್ಲಿ ಒಂದನ್ನಾದರೂ ಒಪ್ಪಿದ್ದರು.

ಕಾರಣ ಹೇಳದೆ ಜಾತಿ ಕೇಳಿದರೆ, ಕೇಳಿದ ಮೇಲೆ ದನಿ ಬದಲಾದರೆ, ಮುಟ್ಟಿ ನೋಡದೆ ಮಾತ್ರೆ ಬರೆದರೆ, ಅದು ಬರೀ ತಾರತಮ್ಯ.

ಯಂತ್ರಕ್ಕೂ ಪಕ್ಷಪಾತ ಇರುತ್ತಾ?

ಬೆರಳಿಗೆ ಹಾಕುವ ಆಕ್ಸಿಮೀಟರ್ ಕಪ್ಪು ಚರ್ಮದಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. 2020ರ ಅಮೆರಿಕದ ಅಧ್ಯಯನದಲ್ಲಿ ಯಂತ್ರ ‘ಪರವಾಗಿಲ್ಲ’ ಅಂದಿದ್ದರೂ ಆಮ್ಲಜನಕ ನಿಜಕ್ಕೂ ಕುಸಿದಿದ್ದದ್ದು ಕಪ್ಪು ರೋಗಿಗಳಲ್ಲಿ ನೂರಕ್ಕೆ 11.7, ಬಿಳಿಯರಲ್ಲಿ 3.6. ಉಸಿರು ಕಟ್ಟುತ್ತಿದೆ ಅಂತ ರೋಗಿ ಹೇಳುತ್ತಿದ್ದರೆ ಅಂಕಿ ನೋಡಿ ಸುಮ್ಮನಾಗಬಾರದು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಲೆಕ್ಕ, ಕೂಡ ಹಾಗೇ: ಯುರೋಪಿನವರಿಗೆ 25 ದಾಟಿದರೆ ತೂಕ ಜಾಸ್ತಿ, ನಮಗೆ 23ಕ್ಕೇ ಎಚ್ಚರಿಕೆ.

ಶುಗರ್ ಇದೆ. ಡಯಟ್ ಚಾರ್ಟಿನಲ್ಲಿ ಓಟ್ಸ್, ಬ್ರೌನ್ ಬ್ರೆಡ್ ಬರೆದಿದ್ದಾರೆ. ನಾವು ಮುದ್ದೆ ತಿನ್ನೋರು.

ಮುದ್ದೆಯನ್ನೇ ತಿನ್ನಿ, ಗಾತ್ರ ಮಾತ್ರ ಕೇಳಿ. ರಾಗಿ ಅಂದರೆ ಶುಗರ್ ಏರುವುದೇ ಇಲ್ಲ ಅನ್ನುವುದು ತಪ್ಪು. ನುಣ್ಣನೆ ಹಿಟ್ಟಿನ ದೊಡ್ಡ ಮುದ್ದೆ ತಿಂದರೆ ಏರಿಯೇ ಏರುತ್ತದೆ. ಸಣ್ಣ ಮುದ್ದೆ, ಜಾಸ್ತಿ ಸೊಪ್ಪುಸಾರು, ಕಾಳು ಇದ್ದರೆ ಚಿಂತೆ ಇಲ್ಲ. ಜೋಳದ ರೊಟ್ಟಿ, ಕುಚಲಕ್ಕಿಗೂ ಇದೇ ಮಾತು. ಓಟ್ಸ್ ಚಾರ್ಟು ಒಂದು ವಾರ ಫ್ರಿಜ್ಜಿನ ಬಾಗಿಲ ಮೇಲಿದ್ದು ಆಮೇಲೆ ಹಿಟ್ಟಿನ ಡಬ್ಬದ ಕೆಳಗೆ ಹೋಗುತ್ತದೆ.

ರಂಜಾನ್ ಉಪವಾಸ ಮಾಡುವವರು ಆರೆಂಟು ವಾರ ಮುಂಚೆಯೇ ಡಾಕ್ಟರನ್ನು ನೋಡಿ, ಇನ್ಸುಲಿನ್ ಮತ್ತು ಮಾತ್ರೆಯ ಹೊತ್ತು, ಪ್ರಮಾಣ ಬದಲಿಸಿಕೊಳ್ಳಬೇಕು. ‘ಉಪವಾಸ ಬೇಡ’ ಅಂತ ಒಂದೇ ಮಾತಲ್ಲಿ ಮುಗಿಸಿದರೆ ಜನ ಹೇಳದೆ ಮಾಡುತ್ತಾರೆ. ಏಕಾದಶಿ ಮಾಡುವವರಿಗೂ ಅಷ್ಟೇ.

ಮನಸ್ಸಿನ ಕಾಯಿಲೆಗೆ ದೇವಸ್ಥಾನಕ್ಕೋ ದರ್ಗಾಕ್ಕೋ ಹೋದ್ರೆ ತಪ್ಪಾ?

ಹೋಗಿ, ಮಾತ್ರೆ ನಿಲ್ಲಿಸಬೇಡಿ. ಸರಪಳಿ ಹಾಕುವ ಜಾಗಕ್ಕೆ ಮಾತ್ರ ಹೋಗಬೇಡಿ. 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿಯನ್ನು ಪೂರ್ತಿ ನಿಷೇಧಿಸಿದೆ. ಜಾತಿ, ಧರ್ಮ, ಲಿಂಗ ನೋಡದೆ ಚಿಕಿತ್ಸೆ ಕೊಡಬೇಕು, ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾಹಿತಿ ಕೊಡಬೇಕು ಅಂತಲೂ ಅದರಲ್ಲಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಜೊತೆ ಕೆಟ್ಟದಾಗಿ ನಡೆದುಕೊಂಡ್ರೆ ದೂರು ಎಲ್ಲಿ?

ಸರ್ಕಾರಿ ಆಸ್ಪತ್ರೆಯಾದರೆ ಮೊದಲು ವೈದ್ಯಾಧಿಕಾರಿಗೆ ಬರೆದುಕೊಡಿ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿ. ಆರೋಗ್ಯ ಸಹಾಯವಾಣಿ 104ಕ್ಕೂ ಕರೆ ಮಾಡಬಹುದು. ಖಾಸಗಿಯಾದರೆ, ಖಾಸಗಿ ಆಸ್ಪತ್ರೆಗಳಿಗಾಗಿ ರಾಜ್ಯ ಮಾಡಿದ ಕೆಪಿಎಂಇ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಚಿಕಿತ್ಸೆ ನಿರಾಕರಿಸುವುದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣೆ ಕಾಯ್ದೆಯಲ್ಲಿ ನಿಷಿದ್ಧ. ‘ಯಾವ ವಾರ್ಡಿಗೆ ಹಾಕೋದು ಗೊತ್ತಾಗ್ತಿಲ್ಲ’ ಅನ್ನುವುದು ಕಾರಣ ಆಗುವುದಿಲ್ಲ. ದಿನಾಂಕ, ಹೊತ್ತು, ಯಾರು ಏನಂದರು ಅನ್ನುವುದನ್ನು ಅವತ್ತೇ ಬರೆದಿಟ್ಟುಕೊಳ್ಳಿ.

ನಾನು ಪಿಎಚ್‌ಸಿಯಲ್ಲಿ ಡಾಕ್ಟರು. ಒಬ್ಬರಿಗೆ ಮೂರು ನಿಮಿಷ ಸಿಗುತ್ತೆ. ಇದೆಲ್ಲಾ ಯಾವಾಗ ಮಾಡಲಿ?

ಎಲ್ಲರಿಗೂ ಮಾಡಲಾಗದು, ನಿಜ. ಹೊರಗೆ ಎಂಬತ್ತು ಜನ ಕಾಯುತ್ತಿದ್ದಾರೆ ಅನ್ನುವುದು ನಮಗೂ ಗೊತ್ತು. ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಆರ್ಥರ್ ಕ್ಲೈನ್‌ಮನ್ 1970ರ ದಶಕದಲ್ಲಿ ರೋಗಿಗೆ ಕೇಳಬೇಕಾದ ಕೆಲವು ಪ್ರಶ್ನೆ ಕೊಟ್ಟರು. ಅದರಲ್ಲಿ ಎರಡನ್ನು ಕೇಳಿದರೂ ಸಾಕು: ‘ಇದು ಯಾಕೆ ಬಂತು ಅಂತ ನಿಮಗೆ ಅನಿಸುತ್ತೆ?’ ‘ಇದರಲ್ಲಿ ನಿಮಗೆ ಜಾಸ್ತಿ ಭಯ ಯಾವುದು?’ ಟೈಫಾಯ್ಡ್ ಜ್ವರಕ್ಕೆ ಬಂದವನು ಎರಡನೆಯದಕ್ಕೆ ‘ಬಿತ್ತನೆ ತಪ್ಪಿ ಹೋಗುತ್ತೆ ಸಾರ್’ ಅನ್ನಬಹುದು. ಅವನು ಅಡ್ಮಿಟ್ ಆಗಲು ಯಾಕೆ ಒಪ್ಪುತ್ತಿಲ್ಲ ಅಂತ ಅಲ್ಲಿಗೆ ತಿಳಿಯಿತು.

ಎದ್ದು ಹೋಗುವಾಗ ‘ಅರ್ಥ ಆಯ್ತಾ?’ ಅಂತ ಕೇಳಬೇಡಿ, ಎಲ್ಲರೂ ‘ಹ್ಞೂಂ’ ಅನ್ನುತ್ತಾರೆ. ‘ಮನೆಗೆ ಹೋಗಿ ಯಜಮಾನರಿಗೆ ಈ ಮಾತ್ರೆ ಹೇಗೆ ತಗೋಬೇಕು ಅಂತ ಹೇಳ್ತೀರಿ, ನನಗೊಂದು ಸಲ ಹೇಳಿ ತೋರಿಸಿ’ ಅನ್ನಿ. ಮಾತ್ರೆ ಪಟ್ಟಿಯ ಮೇಲೆ ಬೆಳಿಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡಲು ಫಾರ್ಮಸಿಯವರಿಗೆ ಹೇಳಿ. ಮತ್ತೆ, ಎಲ್ಲರಿಗೂ ಬಹುವಚನ ಬಳಸಿ. ಅದಕ್ಕೆ ಹೆಚ್ಚಿನ ಸಮಯ ಬೇಕಾಗಿಲ್ಲ.